ನೋಡೇ ಬಿಡೋಣ

ಇಸ್ಪೀಟಿನ ಪೋಕರ್ ಅಂದ್ರೆ ಬ್ಲಫ್ ಹೊಡೆಯೋ ಕಲೆ ಅಂತ ಸುಮಾರು ಜನ ನಂಬಿದಾರೆ, ಆದ್ರೆ ಒಂದು-ಎರಡು ರೂಪಾಯಿ ಬ್ಲೈಂಡ್ (ಎಲೆ ನೋಡೋಕೆ ಮುಂಚೆನೇ ಇಬ್ರು ಹಾಕಲೇಬೇಕಾದ ದುಡ್ಡು) ಇರೋ ಆನ್‌ಲೈನ್ ಟೇಬಲ್‌ನಲ್ಲಿ, ಅಂದ್ರೆ ಇನ್ನೂರು ರೂಪಾಯಿ ಹಾಕ್ಕೊಂಡು ರಾತ್ರಿ ಊಟ ಆದ್ಮೇಲೆ ಹಾಸಿಗೆ ಮೇಲೆ ಬಿದ್ಕೊಂಡು ಆಡೋ ಟೇಬಲ್‌ನಲ್ಲಿ, ಬ್ಲಫ್‌ಗೆ ಮೂರು ಕಾಸಿನ ಬೆಲೆ ಇಲ್ಲ. ಹೆದರ್ಕೊಳೋರು ಇದ್ರೆ ತಾನೆ ಹೆದರ್ಸೋದು! ಆ ಕಡೆ ಇರೋನು ಎಂಟರ ಜೋಡಿ ಇಟ್ಕೊಂಡು ನಿಮ್ಮ ನಲವತ್ತು ರೂಪಾಯಿ ಬೆಟ್ ನೋಡಿ "ಏನಿಟ್ಕೊಂಡಿದಾನೆ ಇವ್ನು, ನೋಡೇ ಬಿಡೋಣ" ಅಂತ ಕಾಲ್ (ಅಷ್ಟೇ ದುಡ್ಡು ತಾನೂ ಹಾಕೋದು) ಒತ್ತೇ ಒತ್ತಾನೆ. ಇದೇ ಮನುಷ್ಯ ಬೆಳಿಗ್ಗೆ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಜಾಸ್ತಿ ಹೇಳಿದ್ರು ಅಂತ ಮುಂದಿನ ಗಾಡಿ ತನಕ ನಡ್ಕೊಂಡು ಹೋಗಿರ್ತಾನೆ.

ಲೆಕ್ಕ ಸುಲಭ. ಪಾಟ್‌ನಲ್ಲಿ (ಮಧ್ಯೆ ಸೇರಿರೋ ದುಡ್ಡು) ಎಷ್ಟಿದೆಯೋ ಅಷ್ಟೇ ಬ್ಲಫ್ ಹಾಕಿದ್ರೆ ಅದು ಅರ್ಧಕ್ಕಿಂತ ಜಾಸ್ತಿ ಸಲ ಗಿಟ್ಟಬೇಕು, ಪಾಟ್‌ನ ಅರ್ಧ ಹಾಕಿದ್ರೂ ಮೂರರಲ್ಲಿ ಒಂದು ಸಲಕ್ಕಿಂತ ಜಾಸ್ತಿ. ಅಷ್ಟು ಸಲ ಫೋಲ್ಡ್ ಮಾಡೋ, ಅಂದ್ರೆ ಎಲೆ ಬಿಸಾಕಿ ಬಿಟ್ಟು ಹೋಗೋ, ಜನಾನ ಈ ಟೇಬಲ್‌ಗೆ ಎಲ್ಲಿಂದ ಕರ್ಕೊಂಡ್ ಬರ್ತೀರ?

ಅದಕ್ಕೇ ಇಲ್ಲಿ ಯೋಚನೆ ಮಾಡ್ಬೇಕಾಗಿರೋದು ಅವ್ನನ್ನ ಓಡಿಸೋದು ಹೇಗೆ ಅಂತ ಅಲ್ಲ, ಅವ್ನ ಕುತೂಹಲಕ್ಕೆ ಎಷ್ಟು ರೇಟ್ ಹಾಕೋದು ಅಂತ. ಉದಾಹರಣೆಗೆ ನೀವು ಬಟನ್‌ನಲ್ಲಿದೀರ, ಅಂದ್ರೆ ಮಧ್ಯೆ ಎಲೆ ಬಿದ್ಮೇಲೆ ಕೊನೆಗೆ ಆಡೋ ಜಾಗ, ಕೈಲಿ ಎಕ್ಕ ರಾಜ, ಆರು ರೂಪಾಯಿಗೆ ರೇಸ್ ಮಾಡಿದ್ರಿ (ಬೆಟ್ ಏರಿಸಿದ್ರಿ), ಬ್ಲೈಂಡ್‌ನವರಿಬ್ರೂ ಬಂದ್ರು, ಪಾಟ್ 18. ಫ್ಲಾಪ್‌ನಲ್ಲಿ, ಅಂದ್ರೆ ಎಲ್ಲರಿಗೂ ಸೇರಿ ಮಧ್ಯೆ ಬಿಚ್ಚೋ ಮೊದಲ ಮೂರು ಎಲೆಲಿ, ರಾಜ, ಒಂಬತ್ತು, ನಾಲ್ಕು, ಅದ್ರಲ್ಲಿ ಎರಡು ಆಟಿನ್. ಸಾಲ್ವರ್ (ಪೋಕರ್ ಲೆಕ್ಕ ಹಾಕೋ ಸಾಫ್ಟ್‌ವೇರ್) ನೋಡಿ ಕಲಿತ ಹುಡುಗ್ರು ಆರು ರೂಪಾಯಿ ಹಾಕಿ ಸಾಕು ಅಂದಾರು. ನಾನಂತೂ ಪೂರ್ತಿ 18 ಹಾಕಿ ಅಂತೀನಿ. ಕೈಲಿ ಎರಡು ಆಟಿನ್ ಇರೋನು ಹೇಗಿದ್ರೂ ಬರ್ತಾನೆ, ಆರಾದ್ರೂ ಬರ್ತಾನೆ, ಹದಿನೆಂಟಾದ್ರೂ ಬರ್ತಾನೆ. ಅವ್ನಿಗೆ ಕಾಣದೆ ಇರೋ 47 ಎಲೆಲಿ ಅವ್ನಿಗೆ ಬೇಕಾಗಿರೋದು ಉಳಿದ 9 ಆಟಿನ್ (ಐದು ಆಟಿನ್ ಸೇರಿದ್ರೆ ಅದು ನಿಮ್ಮ ರಾಜನ ಜೋಡಿನ ಹೊಡೆಯುತ್ತೆ), ಮುಂದಿನ ಎಲೆಗೇ ಬೀಳೋ ಚಾನ್ಸ್ ಶೇಕಡ 19 ಅಷ್ಟೇ, 36 ಗೆಲ್ಲೋಕೆ 18 ಕೊಡೋದು ಗಿಟ್ಟಬೇಕಾದ್ರೆ ಶೇಕಡ 33 ಬೇಕು. ಆದ್ರೆ ಒಂದು ವಿಷ್ಯ, ಟರ್ನ್ ರಿವರ್, ಅಂದ್ರೆ ನಾಲ್ಕನೇದು ಐದನೇದು, ಎರಡೂ ಎಲೆ ಸೇರಿಸಿದ್ರೆ ಅವ್ನ ಚಾನ್ಸ್ 35 ಆಗುತ್ತೆ, ಅಂದ್ರೆ ನೀವು ಟರ್ನ್‌ನಲ್ಲಿ ಕೈ ಕಟ್ಕೊಂಡು ಚೆಕ್ ಅಂದ್ರೋ ಅವ್ನು ಕೊಟ್ಟ ಹದಿನೆಂಟು ಸರಿಯಾದ ರೇಟೇ ಆಗ್ಬಿಡುತ್ತೆ. ಹಾಗಾಗಿ ಇನ್ನೊಂದು ಸಲ ಹಾಕ್ಬೇಕು, ಅವ್ನೊಬ್ನೇ ಬಂದಿದ್ರೆ ಪಾಟ್ ಈಗ 54, ಒಂದು 36 ಹಾಕಿ. ಅದಕ್ಕೂ ಬರ್ತಾನೆ ಪುಣ್ಯಾತ್ಮ.

ಇಷ್ಟೆಲ್ಲ ಲೆಕ್ಕ ಹಾಕಿದ್ರೂ ರಿವರ್‌ನಲ್ಲಿ ಒಂದು ತಮಾಷೆ ಇದೆ. ಅಲ್ಲಿ ತನಕ ತೆಪ್ಪಗೆ ಕಾಲ್ ಮಾಡ್ಕೊಂಡು ಬಂದೋನು ಏಕಾಏಕಿ ರೇಸ್ ಮಾಡ್ತಾನೆ ನೋಡಿ, ಅವಾಗ ರಾಜನ ಜೋಡಿ ಬಿಸಾಕಿ ಎದ್ದೋಗ್ಬೇಕು, ಈ ಮಟ್ಟದಲ್ಲಿ ಅಂಥ ರೇಸ್ ಸುಳ್ಳಾಗೋದು ಅಪರೂಪ. ಅದು ಎಲ್ಲರಿಗೂ ಗೊತ್ತು. ಆದ್ರೆ ಫೋಲ್ಡ್ ಮಾಡಿದ್ರೆ ಅವ್ನ ಎಲೆ ಕಾಣಲ್ವಲ್ಲ! ಮಂಡ್ಯ ಕಡೆ ಯುಗಾದಿಗೆ ಅರಳಿಕಟ್ಟೆ ಮೇಲೆ ಇಸ್ಪೀಟ್ ಆಡೋವಾಗ ಎದುರಿಗಿರೋನ ಮುಖನಾದ್ರೂ ನೋಡ್ಬೋದು, ಇಲ್ಲಿ ಇರೋದು ಒಂದು ಕಾರ್ಟೂನ್ ಮುಖ, ಜೊತೆಗೆ ಓಡ್ತಿರೋ ಟೈಮರ್. ಲೆಕ್ಕ ಫೋಲ್ಡ್ ಅನ್ನುತ್ತೆ, ಬೆರಳು ಕಾಲ್ ಕಡೆ ಹೋಗುತ್ತೆ. ಇದ್ರ ಮೇಲೆ ಆಪ್‌ನೋರು ಪ್ರತಿ ಪಾಟ್‌ನಿಂದ ಒಂದಿಷ್ಟು ರೇಕ್, ಅಂದ್ರೆ ಕಮಿಷನ್, ಕಿತ್ಕೊತಿದ್ರು, ಯಾರು ನೋಡಿದ್ರೂ ಯಾರು ಬಿಟ್ರೂ ಅವ್ರಿಗೆ ನಷ್ಟ ಇರ್ಲಿಲ್ಲ.

ಇದೆಲ್ಲ ಈಗ ನಮ್ಮಲ್ಲಿ ಹಳೇ ಕತೆ. ಕರ್ನಾಟಕದಲ್ಲಿ 2021ರಲ್ಲಿ ಕಾನೂನು ತಂದು ಬೇಡ ಅಂದ್ರು, 2022ರಲ್ಲಿ ಹೈಕೋರ್ಟ್ ಅದನ್ನ ತೆಗೆದುಹಾಕ್ತು, 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನೇ ಬಂದು ದುಡ್ಡಿಟ್ಟು ಆಡೋ ಆನ್‌ಲೈನ್ ಆಟಗಳಿಗೆ ತೆರೆ ಬಿತ್ತು. ಎಷ್ಟೋ ದುಡ್ಡು ಹೋಗಿ ಮನೆ ಹಾಳಾದೋರ ಸುದ್ದಿ ಓದಿದ್ರೆ ಸರಿನೇ ಅನ್ಸುತ್ತೆ. ಉಳ್ಕೊಂಡಿರೋದು ಪುಕ್ಕಟೆ ಚಿಪ್ಸ್‌ನ ಟೇಬಲ್. ಅಲ್ಲಿ ರೇಟೇ ಇಲ್ಲ, ಹಾಗಾಗಿ ಫೋಲ್ಡ್ ಬಟನ್ ಯಾಕಿಟ್ಟಿದಾರೋ ಗೊತ್ತಿಲ್ಲ. ಜೋಡಿ ಎಕ್ಕ ಬಂತು ಅಂತ ಇರೋ ಚಿಪ್ಸೆಲ್ಲ ಹಾಕಿ ಆಲ್-ಇನ್ ಅಂದ್ರೆ ಐದೂ ಜನ ಕೈಲಿರೋದು ಏನು ಅಂತಾನೂ ನೋಡದೆ ಹಿಂದೆ ಬೀಳ್ತಾರೆ, ಅಷ್ಟು ಜನರ ಎದುರು ಆ ಜೋಡಿ ಗೆಲ್ಲೋದು ಹೆಚ್ಚುಕಮ್ಮಿ ಅರ್ಧ ಸಲ, ಏಳು-ಎರಡು ಇಟ್ಕೊಂಡಿದ್ದ ಯಾರೋ ಒಬ್ಬ ಎಲ್ಲಾ ಬಾಚ್ಕೊಂಡು ನಗೋ ಇಮೋಜಿ ಕಳಿಸ್ತಾನೆ.