ಮೊದಲು ರೇಡಿಯೇಷನ್ ಯಾಕೆ ಅಂತ ಕೇಳುವವರಿಗೆ

ಕುಮಟಾಕ್ಕೆ ಹೋಗಿ ಮಾವನನ್ನು ನೋಡಿಕೊಂಡು ಈಗಷ್ಟೇ ಬಂದೆ. ತಲೆ ಬಿಸಿಯಾಗಿದೆ. ಗುದನಾಳದ (ದೊಡ್ಡ ಕರುಳಿನ ಕೊನೆಯ ಭಾಗ) ಕ್ಯಾನ್ಸರ್ ಅಂತ ಗೊತ್ತಾದ ದಿನವೂ ಧೈರ್ಯವಾಗಿದ್ದ ಮನುಷ್ಯ, ಇವತ್ತು ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಆಪರೇಷನ್‌ಗೆ ಮೊದಲು ರೇಡಿಯೇಷನ್ (ಊರವರ ಬಾಯಲ್ಲಿ 'ಕರೆಂಟ್') ಅಂತ ಡಾಕ್ಟರು ಹೇಳಿದ್ದಾರೆ. ಅದನ್ನು ಕೇಳಿ, ನೋಡೋಕೆ ಬಂದ ನೆಂಟರೊಬ್ಬರು, "ಗಡ್ಡೆ ಕೊಯ್ದು ತೆಗೆಯೋದು ಬಿಟ್ಟು ಕರೆಂಟ್ ಕೊಡ್ತಾ ಕೂತ್ರೆ ಅಷ್ಟರಲ್ಲಿ ಹರಡೋದಿಲ್ವಾ?" ಅಂದರಂತೆ.

ನನ್ನ ಅಮ್ಮನಿಗೂ ಇದೇ ಕಾಯಿಲೆ ಬಂದು, ಇದೇ ಚಿಕಿತ್ಸೆ ಆಗಿತ್ತು. ಆಗಲೂ ಇದೇ ಮಾತು ಕೇಳಿ ಕೇಳಿ ಸಾಕಾಗಿತ್ತು.

ಗುದನಾಳ ಇರೋದು ಸೊಂಟದ ಮೂಳೆಗಳ ನಡುವಿನ ಇಕ್ಕಟ್ಟಿನಲ್ಲಿ. ಪಕ್ಕದಲ್ಲೇ ಮೂತ್ರಕೋಶ, ಸೂಕ್ಷ್ಮ ನರಗಳು. ಗಡ್ಡೆ ಕರುಳಿನ ಗೋಡೆ ದಾಟಿದ್ದರೆ ಸುತ್ತ ಅಂಚು ಬಿಟ್ಟು ಕೊಯ್ಯೋಕೆ ಜಾಗವೇ ಸಿಗೋದಿಲ್ಲ. ಚೂರು ಉಳಿದರೂ ಅಲ್ಲೇ ಮತ್ತೆ ಬೆಳೆಯಬಹುದು. ಅದಕ್ಕೇ ಮೊದಲು ರೇಡಿಯೇಷನ್ ಕೊಟ್ಟು ಕುಗ್ಗಿಸೋದು. ಜೊತೆಗೆ ಕೊಡುವ ಕೀಮೋದಿಂದ (ಕ್ಯಾನ್ಸರ್ ಔಷಧಿ) ರೇಡಿಯೇಷನ್ ಇನ್ನೂ ಚೆನ್ನಾಗಿ ನಾಟುತ್ತೆ. ಅಂದರೆ ಆ ವಾರಗಳೆಲ್ಲ ಚಿಕಿತ್ಸೆಯೇ. ಸುಮ್ನೆ ಕಾಯೋದಲ್ಲ!

ಕಿರಣ ಎಲ್ಲಿಗೆ ಬಿಡಬೇಕು ಅಂತ ಅಮ್ಮನ ಸೊಂಟದ ಮೇಲೆ ಗುರುತು ಹಾಕಿದ್ದರು. ಅದು ಅಳಿಸದ ಹಾಗೆ ಸ್ನಾನ ಮಾಡಬೇಕು. ವಾರಕ್ಕೆ ಐದು ದಿನ ರೇಡಿಯೇಷನ್, ಬೆಳಿಗ್ಗೆ ಸಂಜೆ ಊಟವಾದ ಮೇಲೆ ಕೀಮೋ ಮಾತ್ರೆ. ಒಳಗೆ ಕರೆಯುವ ಮೊದಲು ನೀರು ಕುಡಿದು ಮೂತ್ರ ತಡೆದುಕೊಂಡು ಕೂರಬೇಕು. ಮೂತ್ರಕೋಶ ತುಂಬಿದ್ದರೆ ಸಣ್ಣ ಕರುಳು ಮೇಲಕ್ಕೆ ಸರಿದು, ಕಿರಣದ ದಾರಿಯಿಂದ ಆಚೆ ಇರುತ್ತೆ. ಹೊಟ್ಟೆ ಹಿಡಿದುಕೊಂಡು ಕೂತಿರುತ್ತಿದ್ದ ಅಮ್ಮನಿಗೆ "ಇದೆಲ್ಲ ದಂಡ" ಅಂತ ಫೋನ್ ಮಾಡಿ ಹೇಳಿದವರಿದ್ದಾರೆ. ಅದನ್ನು ನಾನು ಮರೆತಿಲ್ಲ.

ಜರ್ಮನಿಯ ವೈದ್ಯರು ಎಂಟುನೂರಕ್ಕೂ ಜಾಸ್ತಿ ರೋಗಿಗಳನ್ನು ನೋಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಐದು ವರ್ಷದೊಳಗೆ ಅದೇ ಜಾಗದಲ್ಲಿ ಮರುಕಳಿಸಿದ್ದು, ಆಪರೇಷನ್‌ಗೆ ಮೊದಲು ಕೀಮೋ ರೇಡಿಯೇಷನ್ ಪಡೆದವರಲ್ಲಿ 100ಕ್ಕೆ 6 ಜನರಿಗೆ. ಆಪರೇಷನ್ ಆದಮೇಲೆ ಪಡೆದವರಲ್ಲಿ 13. ಬದುಕುಳಿದವರ ಲೆಕ್ಕ ಹೆಚ್ಚುಕಡಿಮೆ ಒಂದೇ ಇತ್ತು, ನಿಜ. ಆದರೆ ಸೊಂಟದೊಳಗೆ ಮತ್ತೆ ಗಡ್ಡೆ ಬಂದರೆ ಆಗುವ ನೋವು ಕಂಡವರು ಅದನ್ನು ಸಣ್ಣ ವ್ಯತ್ಯಾಸ ಅನ್ನೋದಿಲ್ಲ. ರೇಡಿಯೇಷನ್ ಮುಗಿದು ಆಪರೇಷನ್‌ವರೆಗೆ ಕೆಲವು ವಾರ ಬಿಡುತ್ತಾರಲ್ಲ, ಆಗಲೂ ಗಡ್ಡೆ ಕುಗ್ಗುತ್ತಲೇ ಇರುತ್ತೆ. ಕೆಲವರಲ್ಲಿ ಕುರುಹೂ ಸಿಗದ ಹಾಗೆ ಕರಗುತ್ತೆ.

ಶುರುವಿನ ಹಂತದಲ್ಲಿ ಸಿಕ್ಕರೆ ನೇರ ಆಪರೇಷನ್ ಮಾಡ್ತಾರೆ, ಗೊತ್ತು. ಅದನ್ನು ಎಂಆರ್‌ಐ ಸ್ಕ್ಯಾನ್ ನೋಡಿ ಡಾಕ್ಟರು ಹೇಳಲಿ, ಜಗಲಿಯಲ್ಲಿ ಕೂತು ಚಹಾ ಕುಡಿಯುವವರಲ್ಲ.

ಊರು ಬಿಟ್ಟು ವಾರಗಟ್ಟಲೆ ಇರೋದು ಕಷ್ಟ ಅಂತೀರಾ? ಹೌದು, ತುಂಬಾ ಕಷ್ಟ. 2022ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ನಾವೆಲ್ಲ ಕೂಗಿದ್ದು ಅದಕ್ಕೇ ಅಲ್ವಾ? ಆ ಕಷ್ಟಕ್ಕೆ ಹೆಗಲು ಕೊಡಿ. ಚಿಕಿತ್ಸೆ ಬಿಡಿಸಬೇಡಿ.

ಮಾವ ಸೋಮವಾರ ಮಣಿಪಾಲಕ್ಕೆ ಹೊರಡುತ್ತಾರೆ, ಒಪ್ಪಿಸಿ ಬಂದಿದ್ದೇನೆ. ಅಲ್ಲಿ ಅಡುಗೆ ಮಾಡಿಕೊಳ್ಳೋಕಾಗುವ, ಮೆಟ್ಟಿಲು ಹತ್ತಬೇಕಿಲ್ಲದ ರೂಮು ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ.