ಮೊದಲು ಬಂದದ್ದು ಟವಲು

ನಾಲ್ಕು ಹನಿ ಬಿದ್ದದ್ದೇ ತಡ, ನನ್ನ ಮುಂದಿದ್ದ ಚಾರಣಿಗರೊಬ್ಬರು ನಡುದಾರಿಯಲ್ಲೇ ಬ್ಯಾಗ್ ಇಳಿಸಿ ವಸ್ತುಪ್ರದರ್ಶನ ಶುರು ಮಾಡಿದರು. ಮೊದಲು ಬಂದದ್ದು ಟವಲು. ಆಮೇಲೆ ಒಂದು ಜೊತೆ ಸಾಕ್ಸು, ಪವರ್ ಬ್ಯಾಂಕು, ಅದರ ವೈರು, ಆ ವೈರಿಗೆ ಸುತ್ತಿಕೊಂಡ ಇನ್ನೊಂದು ವೈರು. ರೇನ್‌ಕೋಟಿನ ದರ್ಶನವಾಗುವಷ್ಟರಲ್ಲಿ ಸಾಕ್ಸಿನ ಸಮೇತ ಎಲ್ಲವೂ ತೊಪ್ಪೆ. "ಮರೆಯಬಾರದು ಅಂತ ಎಲ್ಲಕ್ಕಿಂತ ಮೊದಲು ಅದನ್ನೇ ಹಾಕಿದ್ದೆ" ಎಂದು ಪೇಚಾಡಿದರು. ಮುಂದಾಲೋಚನೆ ಇರುವವರದ್ದೇ ಈ ಪಾಡು. ಮೊದಲು ನೆನಪಾದದ್ದು ತಳ ಸೇರುತ್ತದೆ.

ಬ್ಯಾಗ್ ಹೊಲಿಯುವವರೂ ಸಾಮಾನ್ಯರಲ್ಲ. ಪಕ್ಕದಲ್ಲಿ ಬಾಟಲಿಗೊಂದು ಜೇಬು ಕೊಡುತ್ತಾರೆ. ಬಾಟಲಿ ಎಳೆದುಕೊಳ್ಳುವುದು ಹೇಗೋ ಆದೀತು, ನಡೆಯುತ್ತಲೇ ಅದನ್ನು ವಾಪಸ್ ಇಡಬೇಕಾದರೆ ಮೊಣಕೈ ಹಿಂದಕ್ಕೂ ಮಡಚಬೇಕು. ನಿಜವಾಗಿ ಕೈಗೆಟುಕುವುದು ಸೊಂಟದ ಬೆಲ್ಟಿನ ಎರಡು ಪುಟ್ಟ ಜೇಬು. ಅದರಲ್ಲಿ ಹೋದ ವರ್ಷದ ಮಿಠಾಯಿ ಕಾಗದ ಇರುತ್ತದೆ. ಫೋನು ಅದರೊಳಗೆ ತೂರುವುದಿಲ್ಲ, ಹಾಗಾಗಿ ಕೈಯಲ್ಲೇ ಇರುತ್ತದೆ.

ಏನೇನು ಒಯ್ಯಬೇಕೆಂಬ ಬಗ್ಗೆ ತಕರಾರಿಲ್ಲ. ಸಿಯಾಟಲ್‌ನ ಪರ್ವತಾರೋಹಿಗಳ ಸಂಘವೊಂದು 1930ರ ದಶಕದಲ್ಲೇ ಹತ್ತು ಅತ್ಯಗತ್ಯಗಳ ಪಟ್ಟಿ ಮಾಡಿಟ್ಟಿದೆ: ನಕಾಶೆ, ದಿಕ್ಸೂಚಿ, ಟಾರ್ಚು, ಚಾಕು, ಬೆಂಕಿಕಡ್ಡಿ, ಪ್ರಥಮ ಚಿಕಿತ್ಸೆಯ ಸಾಮಾನು, ಹೀಗೆ. ಹತ್ತನ್ನೂ ಜನ ನಿಷ್ಠೆಯಿಂದ ಹೊರುತ್ತಾರೆ. ಕತ್ತಲಾದ ಮೇಲೆ ತಳದಲ್ಲಿರುವ ಟಾರ್ಚು ಹುಡುಕಲು ಮಾತ್ರ ಇನ್ನೊಂದು ಟಾರ್ಚು ಬೇಕು. ಆ ಹನ್ನೊಂದನೆಯದು ಪಟ್ಟಿಯಲ್ಲಿಲ್ಲ. ಬೂಟು ಉಜ್ಜಿ ಹಿಮ್ಮಡಿ ಬಿಸಿಯಾದಾಗಲೇ ಬ್ಯಾಂಡೇಜು ಅಂಟಿಸಿಕೊಂಡರೆ ಗುಳ್ಳೆ ಏಳುವುದಿಲ್ಲ. ಆದರೆ ಬ್ಯಾಗ್ ಬಿಚ್ಚುವ ಸೋಮಾರಿತನಕ್ಕೆ ಗುಳ್ಳೆ ಎದ್ದು, ಒಡೆದು, ಆಮೇಲೆ ಬ್ಯಾಂಡೇಜಿನ ಶೋಧ. (ನಾನೂ ಈ ಸಂಪ್ರದಾಯಸ್ಥನೇ.)

ಇನ್ನು ಸೀಟಿ. ಎಷ್ಟೋ ಬ್ಯಾಗುಗಳಲ್ಲಿ ಎದೆಪಟ್ಟಿಯ ಬಕಲ್ಲೇ ಸೀಟಿ. ಗಲ್ಲದಿಂದ ಗೇಣುದ್ದ ಕೆಳಗೆ. ಅಪಾಯದಲ್ಲಿದ್ದೇವೆಂದು ತಿಳಿಸಲು ಆಲ್ಪ್ಸ್‌ನಲ್ಲಿ 19ನೇ ಶತಮಾನದ ಕೊನೆಯಿಂದಲೇ ಲೆಕ್ಕವಿದೆ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ನಮ್ಮ ಟವಲಿನ ಯಜಮಾನರು ಆ ಬ್ಯಾಗನ್ನು ವರ್ಷಗಟ್ಟಲೆ ಹೊತ್ತವರು. ಮುಂದೆ ಹೋದ ಗುಂಪನ್ನು ನಿಲ್ಲಿಸಲು ಗಂಟಲು ಹರಿಯುವಂತೆ ಕೂಗುತ್ತಿದ್ದರು. "ಸಾರ್, ನಿಮ್ಮ ಎದೆ ಮೇಲೆ ಸೀಟಿ ಇದೆ" ಎಂದೆ. ಬಕಲ್ಲನ್ನು ತಿರುಗಿಸಿ ನೋಡಿದರು, ಮಗುವಿನಂತೆ ಕಣ್ಣರಳಿಸಿದರು, ಊದಿದರು. ಖುಷಿಯಾಗಿ ಇನ್ನೂ ಐದು ಸಲ ಊದಿದರು.

ಗುಂಪು ಏದುಸಿರು ಬಿಡುತ್ತ ಇಳಿದು ಬಂತು. ಏನಾಯ್ತು ಎಂದು ಕೇಳುತ್ತಲೇ ಒಬ್ಬರು ಬ್ಯಾಗ್ ಬಿಚ್ಚಿ ಪ್ರಥಮ ಚಿಕಿತ್ಸೆಯ ಡಬ್ಬಿಗೆ ಕೈಹಾಕಿದರು. ಮೊದಲು ಬಂದದ್ದು ಟವಲು.