ಮರಕ್ಕೆ ಬಳಿದ ಕೆಂಪು ಗೆರೆ ಕಡಿಯಲು ಹಾಕಿದ ಗುರುತಲ್ಲ

ವಿರಾಜಪೇಟೆ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಫೋಟೊ ಹರಿದಾಡುತ್ತಿದೆ. ಕಾಡಿನ ಮರಕ್ಕೆ ಕೆಂಪು ಗೆರೆ, ನಂಬರು ಕೊರೆದ ಅಲ್ಯೂಮಿನಿಯಂ ಬಿಲ್ಲೆ, ಪಕ್ಕದಲ್ಲಿ ಬಲೆ. ‘ಮರ ಕಡಿಯಲು ಗುರುತು ಹಾಕಿದ್ದಾರೆ, ಹಕ್ಕಿ ಹಿಡಿಯಲು ಬಲೆ ಕಟ್ಟಿದ್ದಾರೆ’ ಎಂಬ ಒಕ್ಕಣೆ. ಎರಡೂ ತಪ್ಪು.

ಗೆರೆ ಇರುವುದು ನೆಲದಿಂದ 1.3 ಮೀಟರ್ ಎತ್ತರದಲ್ಲಿ. ಸಸ್ಯ ಪರಿಸರ ವಿಜ್ಞಾನಿಗಳು ಮರದ ಸುತ್ತಳತೆ ತೆಗೆಯುವ ಜಾಗ ಅದು. ವರ್ಷಗಳ ನಂತರ ಬಂದಾಗಲೂ ಟೇಪು ಅದೇ ಗೆರೆಯ ಮೇಲೆ ಕೂರಬೇಕು. ಬೆರಳಗಲ ಆಚೀಚೆಯಾದರೂ ಮರ ಎಷ್ಟು ದಪ್ಪವಾಯಿತೆಂಬ ಲೆಕ್ಕ ಕೆಡುತ್ತದೆ. ಬುಡದಲ್ಲಿ ಚಪ್ಪಟೆ ಆನಿಕೆ ಬೇರುಗಳಿದ್ದರೆ ಅವುಗಳ ಮೇಲಕ್ಕೆ ಏಣಿ ಹಾಕಿ ಅಳೆಯುತ್ತಾರೆ. ಕೆಲವು ಮರಗಳಲ್ಲಿ ಗೆರೆ ಇನ್ನೂ ಎತ್ತರದಲ್ಲಿರುವುದು ಅದಕ್ಕೇ. ಕಡಿಯುವ ಮರಕ್ಕೆ ಬೀಳುವುದು ಅರಣ್ಯ ಇಲಾಖೆಯ ಸುತ್ತಿಗೆ ಮೊಹರು.

ಇನ್ನು ಬಲೆ. ಹಕ್ಕಿ ಬಲೆಯನ್ನು ನೆಟ್ಟಗೆ ಕಟ್ಟುತ್ತಾರೆ. ಇದು ನಾಲ್ಕು ಕೋಲುಗಳ ನಡುವೆ ಜೋಳಿಗೆಯಂತೆ ಇಳಿಬಿದ್ದಿದೆ, ಮೇಲಿಂದ ಉದುರುವ ಬೀಜ ಹಿಡಿಯಲು. ತಾಯಿಮರದ ಬುಡದಲ್ಲಿ ಬಿದ್ದ ಬೀಜಕ್ಕೆ ಹುಳ, ಶಿಲೀಂಧ್ರದ ಕಾಟ ಹೆಚ್ಚು, ಹಾಗಾಗಿ ಒಂದೇ ಜಾತಿ ಜಾಗವನ್ನೆಲ್ಲ ಆಕ್ರಮಿಸಲಾಗದು, ಅದರಿಂದಲೇ ಉಷ್ಣವಲಯದ ಕಾಡಿನಲ್ಲಿ ಇಷ್ಟೊಂದು ಜಾತಿಗಳು ಉಳಿದಿವೆ ಎಂದು ಪರಿಸರ ವಿಜ್ಞಾನಿಗಳಾದ ಜಾನ್ಜೆನ್ ಮತ್ತು ಕಾನೆಲ್ 1970ರ ಆಸುಪಾಸಿನಲ್ಲಿ ವಾದಿಸಿದರು. ಅದನ್ನು ಪರೀಕ್ಷಿಸಲು ಎಲ್ಲಿ ಎಷ್ಟು ಬೀಜ ಬಿತ್ತು ಎಂದು ಎಣಿಸಲೇಬೇಕು.

ಪನಾಮದ ಬಾರೊ ಕೊಲರಾಡೊ ದ್ವೀಪದ 50 ಹೆಕ್ಟೇರ್ ಕಾಡಿನಲ್ಲಿ 1980ರ ದಶಕದಿಂದ ಈ ಕೆಲಸ ನಡೆದಿದೆ. ನಮ್ಮ ನೆರೆಯ ಮುದುಮಲೆಯಲ್ಲೂ 1988ರಿಂದ ಅಷ್ಟೇ ಜಾಗದ ಮರಗಳ ಲೆಕ್ಕ ಇಡಲಾಗುತ್ತಿದೆ. ಒಂದು ತುಂಡು ಕಾಡಿಗೆ ಇಡೀ ವೃತ್ತಿಜೀವನ ಕೊಟ್ಟವರಿದ್ದಾರೆ. ಮರವನ್ನು ಗುರುತಿಸುವುದು ಬಿಲ್ಲೆಯ ನಂಬರಿನಿಂದ. ಒಂದು ಬಿಲ್ಲೆ ಕಿತ್ತರೆ ಆ ಮರದ ಅಷ್ಟೂ ವರ್ಷಗಳ ದಾಖಲೆ ಕೊಂಡಿ ಕಳಚಿಕೊಳ್ಳುತ್ತದೆ.

ಕಾಡಿನ ಬಗ್ಗೆ ನಿಮಗಿರುವ ಕಾಳಜಿ ಸರಿಯಾದದ್ದೇ. ಅನುಮಾನ ಬಂದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ. ದಯವಿಟ್ಟು ಬಿಲ್ಲೆ ಮುಟ್ಟಬೇಡಿ.